ವಾಪಸ್ ಬಂದ ಕುಂಬಳಕಾಯಿ

ಏಳು ಸಾವಿರ ರೂಪಾಯಿಗೆ ಒಂದು ಕುಂಬಳಕಾಯಿ ಹೋಯಿತು. ಏಲಂ ಕೂಗಿದವನು ನಾನೇ.

ಪಾಲಿಬೆಟ್ಟದಿಂದ ಬಹಳ ದೂರವೇನಿಲ್ಲದ ಒಂದು ಸಣ್ಣ ಸಭೆ. ಹತ್ತು ಹನ್ನೆರಡು ವರ್ಷದ ಹಿಂದೆ ನಾನು ಅಲ್ಲಿ ಸಭಾಪಾಲಕ. ಕಾಫಿ ಕುಯ್ಲು ಮುಗಿಯುತ್ತ ಬಂದ ಹೊತ್ತಿಗೆ ನಮ್ಮಲ್ಲಿ ಬೆಳೆ ಹಬ್ಬ. ಬೆಳೆದದ್ದು, ಸಾಕಿದ್ದು, ಮಾಡಿದ್ದು ಏನಾದರೊಂದನ್ನು ತಂದು ದೇವರ ಮುಂದೆ ಇಡುತ್ತಾರೆ: ಬಾಳೆಗೊನೆ, ಕರಿಮೆಣಸಿನ ಪೊಟ್ಟಣ, ಕಾಲು ಕಟ್ಟಿದ ಹುಂಜ, ಕಿತ್ತಳೆ, ಜೇನುತುಪ್ಪದ ಬಾಟ್ಲಿ. ಆರಾಧನೆ ಮುಗಿದ ಮೇಲೆ ಅಂಗಳದ ಶಾಮಿಯಾನದ ಕೆಳಗೆ ಏಲಂ, ಬಂದ ದುಡ್ಡು ಸಭೆಗೆ. ಹತ್ತು ರೂಪಾಯಿಯ ನಿಂಬೆಹಣ್ಣು ಐನೂರಕ್ಕೆ ಹೋಗುತ್ತದೆ. ಪ್ರಸಂಗದ ಹೊತ್ತಿಗೆ ತೂಕಡಿಸುತ್ತಿದ್ದವರೂ ಆಗ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. ಅಷ್ಟು ಗಮನ ನನ್ನ ಪ್ರಸಂಗಕ್ಕೆ ಎಂದೂ ಸಿಕ್ಕಿದ್ದಿಲ್ಲ.

ಕುಂಬಳಕಾಯಿ ತಂದವರು ಒಬ್ಬ ಅಜ್ಜಿ. ನಲವತ್ತು ವರ್ಷ ತೋಟದಲ್ಲಿ ದುಡಿದು, ಈಗ ಮಗನ ಲೈನ್‌ಮನೆಯಲ್ಲಿ ಇದ್ದರು. ಲೈನಿನ ಹಿಂದೆ, ಬಚ್ಚಲು ನೀರು ಹರಿಯುವ ಕಡೆ ಬಳ್ಳಿ ಹಬ್ಬಿಸಿದ್ದರು. ಒಳ್ಳೆ ಗಾತ್ರದ ಕಾಯಿ. ನೆಲಕ್ಕೆ ತಾಗಿದ ಪಕ್ಕ ಮಾತ್ರ ಬೆಳ್ಳಗೆ ಚಪ್ಪಟೆಯಾಗಿತ್ತು. ಅದನ್ನು ಗೋಣಿಚೀಲದಲ್ಲಿ ಸುತ್ತಿ ತಲೆಯ ಮೇಲೆ ಹೊತ್ತು ಎರಡು ಮೈಲಿ ನಡೆದು ಬಂದಿದ್ದರು. ಮೇಜಿನ ಮೇಲೆ ಇಡುವ ಮೊದಲು ಸೆರಗಿನಿಂದ ಒರೆಸಿ, ಬಿಳಿ ಪಕ್ಕವನ್ನು ಗೋಡೆಯ ಕಡೆ ತಿರುಗಿಸಿ ಇಟ್ಟರು. ಇದನ್ನು ನಾನು ನೋಡಿದ್ದೆ.

ಕೊಂಡವರು ನಮ್ಮ ಸಭೆಯ ಸಾಹುಕಾರರು. ಇಪ್ಪತ್ತು ಎಕರೆ ರೋಬಸ್ಟಾ, ಮರಮರಕ್ಕೂ ಮೆಣಸಿನ ಬಳ್ಳಿ. ಒಳ್ಳೆಯ ಮನುಷ್ಯ; ಬಾಯಿಮಾತಿಗೆ ಹೇಳುತ್ತಿಲ್ಲ, ರಾತ್ರಿ ಎರಡು ಗಂಟೆಗೆ ಯಾರದೋ ಬಾಣಂತಿಯನ್ನು ತಮ್ಮ ಜೀಪಿನಲ್ಲಿ ಆಸ್ಪತ್ರೆಗೆ ಸಾಗಿಸಿದವರು. ಆ ವರ್ಷ ನಮ್ಮ ಮಾಡು ಸೋರುತ್ತಿತ್ತು, ಹೆಂಚು ಬದಲಿಸಬೇಕಿತ್ತು. ಅವರು ತಮ್ಮ ಭಾವನ ಜೊತೆ ಪಂತಕ್ಕೆ ಬಿದ್ದು ಕೂಗುತ್ತ ಹೋದರು, ನಾನು ಮೈಕಿನಲ್ಲಿ ಹುರಿದುಂಬಿಸುತ್ತ ಹೋದೆ. ಏಳು ಸಾವಿರ, ಒಂದು ಸಲ, ಎರಡು ಸಲ, ಮೂರು ಸಲ. ಸಾಹುಕಾರರು ಎದ್ದು ಬಂದು ಮೈಕು ಇಸಿದುಕೊಂಡರು. "ಇದು ಅಜ್ಜಿಗೇ ಇರಲಿ. ಅಜ್ಜೀ, ಮನೆಗೆ ತಗೊಂಡು ಹೋಗಿ ಸಾರು ಮಾಡ್ಕೊಳ್ಳಿ."

ಚಪ್ಪಾಳೆಯೋ ಚಪ್ಪಾಳೆ. ಫೋಟೋ ತೆಗೆದರು. ನಾನು "ದೇವರಿಗೆ ಸ್ತೋತ್ರ" ಅಂದೆ. ಅಜ್ಜಿ ಕೈ ಚಾಚಲಿಲ್ಲ. ಯಾರೋ ಹುಡುಗ ಅದನ್ನು ಎತ್ತಿ ಅವರ ಕಾಲ ಬುಡದಲ್ಲಿ ಇಟ್ಟು ಹೋದ.

ಸಂಜೆ ಎಲ್ಲರೂ ಹೋದ ಮೇಲೆ ನೋಡಿದರೆ ಕುಂಬಳಕಾಯಿ ನಮ್ಮ ಮನೆಯ ಜಗಲಿಯ ಮೇಲೆ ಕೂತಿತ್ತು. ಈ ಸಲ ಬಿಳಿ ಪಕ್ಕ ಮುಂದಕ್ಕಿತ್ತು.

ಸುದ್ದಿ ಹಬ್ಬುವುದಕ್ಕೆ ಒಂದು ರಾತ್ರಿ ಸಾಕಾಯಿತು. ಬೆಳಗ್ಗೆಯೇ ಸಭಾ ಹಿರಿಯರೊಬ್ಬರು ಬಂದು, "ನೋಡಿದ್ರಾ ಅಯ್ಯನವರೇ, ಅಷ್ಟು ದೊಡ್ಡೋರು ಪ್ರೀತಿಯಿಂದ ಕೊಟ್ರೆ ಬಿಟ್ಟು ಹೋಗೋದಾ? ಎಷ್ಟು ಅಹಂಕಾರ" ಅಂದರು. ಆ ಮಾತು ನನ್ನಲ್ಲಿ ಮುಳ್ಳಿನಂತೆ ಉಳಿಯಿತು. ಇನ್ನೂರು ಜನರ ಎದುರು ಮೈಕು ಹಿಡಿದು ದಾನ ಮಾಡಿದವರು ದೀನರು. ಯಾರಿಗೂ ಒಂದು ಮಾತು ಹೇಳದೆ ಕಾಯಿಯನ್ನು ಜಗಲಿಯ ಮೇಲಿಟ್ಟು ಹೋದವರು ಅಹಂಕಾರಿ. ಇಪ್ಪತ್ತೈದು ವರ್ಷದಿಂದ ದೀನತೆಯ ಬಗ್ಗೆ ಪ್ರಸಂಗ ಮಾಡುತ್ತ ಬಂದವನು ನಾನು. ನಮ್ಮ ಸಭೆಯ ನಿಘಂಟಿನಲ್ಲಿ ಈ ಎರಡು ಪದಗಳ ಅರ್ಥ ಹೀಗೆ ಅಂತ ನನಗೆ ಗೊತ್ತೇ ಇರಲಿಲ್ಲ. ಆ ನಿಘಂಟಿಗೆ ಒಂದಷ್ಟು ಪುಟ ನಾನೂ ಬರೆದುಕೊಟ್ಟಿರಬೇಕು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈಯೂ ಹೆಗಲಿಗೆ ಹೋಯಿತು.

ಆ ವಾರವೆಲ್ಲ ನನ್ನ ತಲೆಯಲ್ಲಿ ಆನಂದಪುರ.

ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟ ಸುತ್ತಿನ ತೋಟಗಳ ಹೆಸರು ಹೇಳುತ್ತ ಹೋದರೆ ನಡುವೆ ಆನಂದಪುರ ಬರುತ್ತದೆ. ಈಗಿನವರಿಗೆ ಅದು ಟಾಟಾದವರ ಒಂದು ಎಸ್ಟೇಟು. ನಮ್ಮಂಥವರಿಗೆ ಅದು ಹರ್ಮನ್ ಮೋಗ್ಲಿಂಗ್ ಕಟ್ಟಿದ ಊರು. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಅದೇ ಮೋಗ್ಲಿಂಗ್. ಮಂಗಳೂರಿನ ಬಾಸೆಲ್ ಮಿಷನ್ ಶಾಲೆಯಲ್ಲಿ ಹುಡುಗರ ಜೊತೆ ಅವರ ಹಾಗೆಯೇ ಉಂಡು, ಅವರ ಜೊತೆಯೇ ಬಾಳಿದ ಜರ್ಮನ್ ಪಾದ್ರಿ. ಅವರ ಬಳಿಗೆ ಆಲಮಂಡ ಮನೆತನದ ಸೋಮಯ್ಯ ಅನ್ನುವ ಕೊಡವ ಸನ್ಯಾಸಿಯ ವೇಷದಲ್ಲಿ ಬಂದು, ದೀಕ್ಷಾಸ್ನಾನ ಪಡೆದು ಸ್ತೆಫನ ಆದ. 1853ರಲ್ಲಿ ಅವನ ಬೆನ್ನಿಗೆ ಮೋಗ್ಲಿಂಗ್ ಘಟ್ಟ ಹತ್ತಿದರು. ಒಬ್ಬ ಬಂದಿದ್ದಾನೆ, ಅವನ ಮನೆತನ, ಅಂದರೆ ಒಕ್ಕವೇ ಬರುತ್ತದೆ, ಒಕ್ಕದ ಹಿಂದೆ ನಾಡೇ ಬರುತ್ತದೆ ಎಂಬ ಆಸೆ ಇತ್ತು. ನಾಡು ಬರಲಿಲ್ಲ. ಕುಲದವರು ಸೋಮಯ್ಯನನ್ನೇ ಹೊರಗಿಟ್ಟರು.

ಬಂದವರು ಬೇರೆ, ಗದ್ದೆಯ ಆಳುಗಳು. ಆ ಕಾಲದ ದಾಖಲೆಗಳು ಹೊಲೆಯರು ಅಂತ ಬರೆದವರು. ಕೊಡಗಿನಲ್ಲಿ ಆಗ ಆಳುಗಳಲ್ಲಿ ಎರಡು ಬಗೆ. ಭೂಮಿ ಜಮ್ಮದ ಆಳು ನೆಲಕ್ಕೆ ಅಂಟಿದವನು, ನೆಲ ಎತ್ತ ಹೋದರೆ ಅವನೂ ಅತ್ತ. ಒಕ್ಕಲು ಜಮ್ಮದ ಆಳು ಮನೆತನದ ಸೊತ್ತು. 1843ರ ಕಾಯಿದೆ ಗುಲಾಮಗಿರಿಗೆ ಕಾನೂನಿನ ಬಲ ಇಲ್ಲ ಅಂದಿತ್ತು, ನಿಜ. ಆದರೆ ಗದ್ದೆಯ ಬದುವಿನ ಮೇಲೆ ಕಾಯಿದೆ ಓದಿ ಹೇಳುವವರು ಯಾರು? ಅಂಥವರು ಮೋಗ್ಲಿಂಗರ ಹತ್ತಿರ ಬಂದಾಗ ಅವರಿಗೆ ಬೇಕಾದದ್ದು ಬರೀ ವೇದಪಾಠವಲ್ಲ. ನಿಲ್ಲುವುದಕ್ಕೆ ನೆಲ ಬೇಕಿತ್ತು, ಮರುದಿನದ ಗಂಜಿಗೆ ಕೆಲಸ ಬೇಕಿತ್ತು. ಹಾಗೆ ಆನಂದಪುರ ಹುಟ್ಟಿತು, ಅಲ್ಲಿ ಕಾಫಿ ಗಿಡ ಬಂತು.

ಇದು ದೊಡ್ಡ ಕೆಲಸ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಆ ಕುಂಬಳಕಾಯಿ ಜಗಲಿಯ ಮೇಲೆ ಕೂತ ವಾರದಲ್ಲಿ ನನ್ನನ್ನು ಕಾಡಿದ್ದು ಹೀಗೊಂದು ಪ್ರಶ್ನೆ: ಭಾನುವಾರ ರೊಟ್ಟಿ ಮುರಿದು ಕೊಡುವ ಕೈ, ಸೋಮವಾರ ಹಾಜರಿ ಹಾಕುವ ಕೈ ಎರಡೂ ಒಂದೇ ಮಿಷನ್ನಿನದಾದರೆ, ಆ ಮನುಷ್ಯ 'ಬೇಡ' ಅನ್ನುವುದು ಯಾರಿಗೆ? ನೆನ್ನೆಯ ಯಜಮಾನ ಹೊಡೆಯುತ್ತಿದ್ದ, ಇವತ್ತಿನ ಯಜಮಾನ ಪ್ರಾರ್ಥಿಸುತ್ತಾನೆ. ವ್ಯತ್ಯಾಸ ಭೂಮಿ ಆಕಾಶದಷ್ಟು. ಆದರೆ ಯಜಮಾನ ಅನ್ನುವ ಜಾಗ ಇದ್ದ ಕಡೆಯೇ ಇದೆ. ಕೊಡಗಿನ ಮಾತು ಮಾತ್ರವಲ್ಲ ಇದು. ಮಂಗಳೂರಿನಲ್ಲಿ 1865ರಿಂದ ಬಾಸೆಲ್ ಮಿಷನ್ನಿನ ಹೆಂಚು ಸುಡುವ ಕಾರ್ಖಾನೆ ನಡೆಯಿತು, ನೇಯ್ಗೆ ನಡೆಯಿತು. ಕುಲ ಬಿಟ್ಟು ಬಂದವರಿಗೆ ಅನ್ನ ಕೊಟ್ಟಿದ್ದೇ ಅವು. ಹೆಂಚೂ ಅಲ್ಲಿಯದೇ, ಪ್ರಾರ್ಥನೆಯೂ ಅಲ್ಲಿಯದೇ. ಆ ಅನ್ನದ, ಪ್ರಾರ್ಥನೆಯ ಋಣವನ್ನೆಲ್ಲ ತೀರಿಸಿದೆವು ಅನ್ನುವ ಭ್ರಮೆ ನಮಗಿದೆ. ಅಂದಹಾಗೆ ನಮ್ಮ ಸೋರುವ ಮಾಡೂ ಮಂಗಳೂರು ಹೆಂಚಿನದೇ.

ಹರ್ಮನ್ ಆನಂದರಾವ್ ಕೌಂಡಿನ್ಯರ ಕಥೆ ಇದಕ್ಕೆ ಇನ್ನೊಂದು ಎಳೆ. ಮಂಗಳೂರಿನ ಸಾರಸ್ವತ ಮನೆತನದ ಹುಡುಗ, 1844ರಲ್ಲಿ ದೀಕ್ಷಾಸ್ನಾನ; ಊರಿನಲ್ಲಿ ಗಲಭೆಯೇ ಎದ್ದಿತು. ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ಅಭಿಷಿಕ್ತರಾಗಿ ಬಂದು, ಮುಂದೆ ಇದೇ ಕೊಡಗಿಗೆ ಬಂದು ಆನಂದಪುರದವರ ನಡುವೆ ಇದ್ದು, 1893ರಲ್ಲಿ ತೀರಿಕೊಂಡರು. ಬ್ರಾಹ್ಮಣ್ಯ ಬಿಟ್ಟು ಜಮ್ಮದ ಆಳುಗಳ ಜೊತೆ ಒಂದೇ ಪಾತ್ರೆಯಲ್ಲಿ ದ್ರಾಕ್ಷಾರಸ ಕುಡಿದದ್ದು ಆ ಕಾಲಕ್ಕೆ ಎಂಥ ಇಳಿತ ಅನ್ನುವುದನ್ನು ನಾನು ಎಷ್ಟು ಪ್ರಸಂಗಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. ಆದರೆ ಅದೇ ಪಾತ್ರೆಯ ಆಚೆ ಬದಿಯಲ್ಲಿ ಮಂಡಿಯೂರಿದ್ದವರು ಯಾರು, ಅವರಿಗೆ ಹೇಗೆ ಅನಿಸಿರಬಹುದು? ಇದನ್ನು ಒಂದು ಸಲವೂ ಹೇಳಿಲ್ಲ. ಮೇಲಿನಿಂದ ಇಳಿದವರ ಹೆಸರು ನಮಗೆ ಬಾಯಿಪಾಠ. ಕೆಳಗಿನಿಂದ ಎದ್ದು ನಿಂತವರ ಧೈರ್ಯಕ್ಕೆ ನಾವು ದೀನತೆ ಅನ್ನುವುದೂ ಇಲ್ಲ, ಧೈರ್ಯ ಅನ್ನುವುದೂ ಇಲ್ಲ. 'ಸೇರಿಕೊಂಡರು' ಅನ್ನುತ್ತೇವೆ, ಅಷ್ಟೆ.

ಬೆಳೆ ಹಬ್ಬದ ದಿನ ನಾವೆಲ್ಲ ತಪ್ಪದೆ ಓದುವುದು ಎರಡು ಕಾಸು ಹಾಕಿದ ವಿಧವೆಯ ಭಾಗ, ಮಾರ್ಕನ ಸುವಾರ್ತೆಯ 12ನೇ ಅಧ್ಯಾಯ. ಓದಿ, ನೋಡಿ ಆ ಬಡವಿಯ ಹಾಗೆ ಕೊಡಿ ಅನ್ನುತ್ತೇವೆ. ಅದಕ್ಕೆ ಸ್ವಲ್ಪ ಮೇಲೆ, ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳನ್ನು ಯೇಸು ಬೈದದ್ದಿದೆ. ಒಂದರ ಹಿಂದೆ ಒಂದು ಓದಿದರೆ ಇದು ಹೊಗಳಿಕೆಯೋ ಸಂಕಟವೋ ಅನ್ನುವ ಅನುಮಾನ ಬರುತ್ತದೆ. ಬರಬೇಕು ಕೂಡ. ನಾವು ಶಾಸ್ತ್ರಿಗಳ ಭಾಗವನ್ನು ಬಿಟ್ಟು ಕಾಸಿನ ಭಾಗದಿಂದ ಓದಲು ಶುರು ಮಾಡುತ್ತೇವೆ. ಹೆಂಚಿನ ಖರ್ಚು ಇರುತ್ತದಲ್ಲ.

ಇನ್ನೊಂದು, ಯೇಸು ಶಿಷ್ಯರ ಕಾಲು ತೊಳೆಯುವ ಕಥೆ. ಒಂದು ವರ್ಷ ಶುಭ ಶುಕ್ರವಾರದ ಹಿಂದಿನ ರಾತ್ರಿ ನಾನೇ ಹಠ ಹಿಡಿದು ಹನ್ನೆರಡು ಜನರ ಕಾಲು ತೊಳೆದೆ. ಆರಿಸಿದವರು ಹಿರಿಯರು. ಹನ್ನೆರಡು ಜೊತೆ ಕಾಲೂ ಮನೆಯಲ್ಲೇ ಸೋಪು ಹಾಕಿ ಉಜ್ಜಿ, ಉಗುರು ಕತ್ತರಿಸಿ ಬಂದಿದ್ದವು. ತೊಳೆಯುವುದಕ್ಕೆ ಏನೂ ಉಳಿದಿರಲಿಲ್ಲ. ನನ್ನ ದೀನತೆ ಫೋಟೋದಲ್ಲಿ ಚೆನ್ನಾಗಿ ಬಂದಿತ್ತು. ಯೋಹಾನನ 13ನೇ ಅಧ್ಯಾಯದಲ್ಲಾದರೋ ಪೇತ್ರ ಜಗಳ ತೆಗೆಯುತ್ತಾನೆ, ನನ್ನ ಕಾಲು ಮುಟ್ಟಬೇಡ ಅನ್ನುತ್ತಾನೆ. ಅವನಿಗೆ ಅಷ್ಟು ಸಲಿಗೆ ಇತ್ತು. ಯೇಸು ಅವನಿಗೆ ಕಾರಣ ಹೇಳುತ್ತಾರೆ, ಒಪ್ಪಿಸುತ್ತಾರೆ. ನಮ್ಮ ಹನ್ನೆರಡು ಜನರಲ್ಲಿ ಯಾರೂ ಪೇತ್ರನಾಗಲಿಲ್ಲ. ಈಗ ಅಜ್ಜಿ ಪೇತ್ರನಾದರು, ಅದಕ್ಕೆ ಸಭೆ ಅಹಂಕಾರ ಅಂತ ಹೆಸರಿಟ್ಟಿತು.

ಶನಿವಾರ ಅಜ್ಜಿಯ ಲೈನ್‌ಮನೆಗೆ ಹೋದೆ. ಕಾಯಿ ತೆಗೆದುಕೊಂಡು ಹೋಗಲಿಲ್ಲ, ಅಷ್ಟು ಬುದ್ಧಿ ಬಂದಿತ್ತು. ಬೆಲ್ಲದ ಕಾಫಿ ಕೊಟ್ಟರು. ನಾನು ಸುತ್ತಿ ಬಳಸಿ ಮಾತಾಡುತ್ತಿದ್ದೆ. ಅವರೇ ಕೇಳಿದರು.

"ಅಯ್ಯನೋರೇ, ನಾನು ಅದನ್ನ ಯಾರಿಗೆ ಕೊಟ್ಟಿದ್ದು?"

"ದೇವರಿಗೆ."

"ಮತ್ತೆ ಅವ್ರು ಎಂತಕ್ಕೆ ನಂಗೆ ವಾಪಸ್ ಕೊಟ್ರು? ನಾನು ಕೇಳಿದ್ನಾ? ನಮ್ಮನೇಲಿ ಸಾರಿಗಿಲ್ಲ ಅಂತ ಮೈಕಲ್ಲಿ ಹೇಳಿದ ಹಾಗಾಯ್ತಲ್ಲ. ಬಳ್ಳೀಲಿ ಇನ್ನೂ ಮೂರು ಕಾಯಿ ಉಂಟು, ನೋಡಿ."

ನೋಡಿದೆ. ಇದ್ದವು.

ಸಾಹುಕಾರರೂ ಒಂದು ದಿನ ಬಂದರು. ಮುಖ ಸಪ್ಪಗಿತ್ತು. "ನಾನು ಮಾಡಿದ್ದು ತಪ್ಪಾ ಅಯ್ಯನವರೇ? ಅವರಿಗೆ ಖುಷಿ ಆಗ್ಲಿ ಅಂತ ಮಾಡಿದ್ದು" ಅಂದರು. ಸುಳ್ಳಲ್ಲ, ಹಾಗೆಂದೇ ಮಾಡಿದ್ದರು. ಕೊಡುವ ಖುಷಿ ಒಂದನ್ನಾದರೂ ಅಜ್ಜಿಗೇ ಬಿಡಬೇಕಿತ್ತು ಅಂತ ಹೇಳಬೇಕು ಅನಿಸಿತು. ಆದರೆ ಮೈಕಿನಲ್ಲಿ ಸ್ತೋತ್ರ ಹೇಳಿದವನು ಯಾವ ಬಾಯಲ್ಲಿ ಹೇಳುವುದು? "ತಪ್ಪು ನಮ್ಮಿಬ್ಬರದೂ" ಅಂದೆ. ಅವರು ಒಪ್ಪಿದಂತೆ ಕಾಣಲಿಲ್ಲ. ಏಳು ಸಾವಿರ ಮಾತ್ರ ಆಗಲೇ ಹೆಂಚಾಗಿತ್ತು.

ಕುಂಬಳಕಾಯಿ ಮಳೆಗಾಲದವರೆಗೂ ನಮ್ಮ ಅಟ್ಟದ ಮೇಲಿತ್ತು. ದೇವರ ಕಾಯಿ ಅಂತ ಹೆಂಡತಿ ಮುಟ್ಟಲಿಲ್ಲ, ಯಾರದ್ದು ಅಂತ ತೀರ್ಮಾನವಾಗದೆ ನಾನೂ ಮುಟ್ಟಲಿಲ್ಲ. ಜುಲೈಯಲ್ಲಿ ತೊಟ್ಟಿನ ಹತ್ತಿರ ಮೆತ್ತಗಾಗುತ್ತಿದೆ ಅಂತ ಗೊತ್ತಾದ ಮೇಲೆ ಕೊಯ್ದು, ಮಹಿಳಾ ಕೂಟದ ದಿನ ಪಲ್ಯ ಮಾಡಿಸಿದೆವು. ಅಜ್ಜಿಯೂ ಬಂದಿದ್ದರು. ಎರಡು ಸಲ ಹಾಕಿಸಿಕೊಂಡರು.

ಮರುವರ್ಷ ಹಬ್ಬ ಹತ್ತಿರ ಬಂದಾಗ ಹಿರಿಯರ ಕೂಟದಲ್ಲಿ ಏಲಂ ನಿಲ್ಲಿಸೋಣ, ಎಲ್ಲರೂ ಮುಚ್ಚಿದ ಕವರಿನಲ್ಲಿ ಕಾಣಿಕೆ ಹಾಕಲಿ ಅಂದೆ. ಯಾರಿಗೂ ಇಷ್ಟವಿರಲಿಲ್ಲ. ಭಾನುವಾರ ಬಾಗಿಲಲ್ಲಿ ಅಜ್ಜಿಗೇ ಹೇಳಿ ಬೆಂಬಲ ಪಡೆಯೋಣ ಅಂದುಕೊಂಡೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏಲಂ ಇರ್ಲಿ ಅಯ್ಯನೋರೇ. ಈ ಸಲ ನಾನೂ ಕೂಗ್ತೀನಿ" ಅಂದರು.

ಕೂಗಿದರು. ಸಾಹುಕಾರರ ತೋಟದ ನೇಂದ್ರ ಬಾಳೆಗೊನೆ ಮೇಜಿನ ಮೇಲೆ ಬಂದಾಗ, ಹಿಂದಿನ ಸಾಲಿನಿಂದ "ನೂರೈವತ್ತು". ಅಂಗಳ ಸ್ತಬ್ಧ. ಅವರ ಮೇಲೆ ಕೂಗುವುದೋ ಬಿಡುವುದೋ ಯಾರಿಗೂ ತಿಳಿಯಲಿಲ್ಲ. ಬಿಟ್ಟರೆ ಅದೂ ಒಂದು ದಾನವೇ. ನಾನು "ನೂರೈವತ್ತು, ಒಂದು ಸಲ" ಅಂದೆ, ಆದಷ್ಟು ನಿಧಾನವಾಗಿ. ಕೊನೆಗೆ ಗೋಣಿಕೊಪ್ಪದಲ್ಲಿ ವರ್ಕ್‌ಶಾಪಿನ ಕೆಲಸಕ್ಕೆ ಹೋಗುವ ಹುಡುಗನೊಬ್ಬ ಇನ್ನೂರು ಅಂದ. ಅಜ್ಜಿ ಅವನ ಕಡೆ ತಿರುಗಿ ಹುಬ್ಬು ಗಂಟಿಕ್ಕಿ ಇನ್ನೂರ ಹತ್ತು ಅಂದರು. ಇನ್ನೂರ ಐವತ್ತು. ಇನ್ನೂರ ಅರವತ್ತು. ಜನ ನಗತೊಡಗಿದರು, ಅಜ್ಜಿಯೂ ನಗುತ್ತಿದ್ದರು. ಹುಡುಗ ನಾನೂರು ಅಂದಾಗ ಸೆರಗಿನ ಗಂಟು ಮುಟ್ಟಿ ನೋಡಿಕೊಂಡು, "ಹೋಗ್ಲಿ, ತಿನ್ನು ಮಾರಾಯ" ಅಂದು ಕೂತುಬಿಟ್ಟರು.

ನನ್ನ ಕೈ ಆಗಲೇ ಜೇಬಿನೊಳಗಿತ್ತು. ಐನೂರು ಕೂಗಿ, ಗೊನೆ ಕೊಂಡು, ಅಜ್ಜಿಯ ಮನೆಗೆ... ಪಕ್ಕದಲ್ಲಿ ಲೆಕ್ಕ ಬರೆಯುತ್ತ ಕೂತಿದ್ದ ಹೆಂಡತಿ ತಲೆ ಎತ್ತದೆ ಮೊಣಕೈಯಿಂದ ತಿವಿದಳು. ನಾನು ಮೂರನೆಯ ಸಲ ಕೂಗಿದೆ.