ಕೊಂಡ ಅನ್ನಕ್ಕೆ ಋಣವಿದೆಯೇ?

ಊಟ ಮುಗಿಸಿ ಏಳುವ ಮುನ್ನ 'ಅನ್ನದಾತಾ ಸುಖೀಭವ' ಎನ್ನುವ ರೂಢಿ ನಮ್ಮ ಕಡೆ ಇನ್ನೂ ಪೂರ್ತಿ ಹೋಗಿಲ್ಲ. ಮದುವೆ ಮನೆಗಳಲ್ಲಿ, ಮಠದ ಪಂಕ್ತಿಗಳಲ್ಲಿ ಹಿರಿಯರ ಬಾಯಲ್ಲಿ ಆಗಾಗ ಕೇಳಿಸುತ್ತದೆ. ಆದರೆ ಗೋಬಿ ಮಂಚೂರಿ, ಎಗ್ ನೂಡಲ್ಸ್ ತಿಂದು ಟಿಶ್ಯೂ ಪೇಪರಿನಲ್ಲಿ ಬೆರಳು ಒರೆಸಿಕೊಂಡು ಏಳುವವರು ಯಾರೂ ಹಾಗೆ ಅಂದದ್ದನ್ನು ನಾನು ಕೇಳಿಲ್ಲ. ಅನ್ನಬೇಕಾದ ಅಗತ್ಯವೂ ಇಲ್ಲವೆಂದು ನಮಗೆ ಗೊತ್ತು. ಸೋಂಪಿನ ಬಟ್ಟಲಿನ ಜೊತೆ ಬಿಲ್ಲು ಬಂತು, ಫೋನಿನಲ್ಲಿ ಸ್ಕ್ಯಾನ್ ಮಾಡಿದೆವು, ಗಲ್ಲಾಪೆಟ್ಟಿಗೆಯ ಪಕ್ಕದ ಪುಟ್ಟ ಡಬ್ಬಿ ಹಣ ಬಂದಿದೆಯೆಂದು ಕೂಗಿ ಹೇಳಿತು. ಅಲ್ಲಿಗೆ ಲೆಕ್ಕ ಚುಕ್ತಾ. ಹಾಗಾದರೆ ನಾವು 'ಅನ್ನದ ಋಣ' ಅನ್ನುವುದು ಬಿಟ್ಟಿಯಾಗಿ ಉಂಡದ್ದಕ್ಕೆ ಮಾತ್ರವೇ? ಕೊಂಡು ತಿಂದ ಅನ್ನಕ್ಕೆ ಋಣವಿಲ್ಲವೇ?

ಈ ಪ್ರಶ್ನೆಯನ್ನು ದರ್ಶಿನಿಯ ಇಡ್ಲಿ ತಟ್ಟೆಯ ಮುಂದೆಯೂ ಕೇಳಬಹುದು. ಆದರೆ ಬಡಾವಣೆಯ ಚೈನೀಸ್ ಹೋಟೆಲಿನಲ್ಲಿ ಅದು ಹೆಚ್ಚು ಚುಚ್ಚುತ್ತದೆ. ಅಲ್ಲಿನ ತಿನಿಸಿಗೆ ಒಂದು ಜನಾಂಗದ ಹೆಸರಿದೆ, ಆ ಜನ ಮಾತ್ರ ಎಲ್ಲೂ ಕಾಣುವುದಿಲ್ಲ.

ಅಂಥ ಹೋಟೆಲು ಬೆಂಗಳೂರಿನವರಿಗೆ ವರ್ಣಿಸಿ ಹೇಳಬೇಕಾದ್ದೇನಲ್ಲ. ಆರೇಳು ಮೇಜು, ಬೋರ್ಡಿನ ಮೇಲೊಂದು ಡ್ರ್ಯಾಗನ್, ಬಾಗಿಲಲ್ಲಿ ಧೂಳು ಹಿಡಿದ ಕೆಂಪು ಲಾಟೀನು, ಪ್ರತಿ ಮೇಜಿಗೂ ಹಸಿಮೆಣಸು ಮುಳುಗಿಸಿಟ್ಟ ವಿನೆಗರ್ ಬಾಟಲಿ. ತಿಂಗಳ ಕೊನೆಯಲ್ಲಿ ಹಾಸ್ಟೆಲಿನ ಹುಡುಗರು ಒನ್ ಬೈ ಟು ಸೂಪು, ಒಂದು ಫ್ರೈಡ್ ರೈಸನ್ನು ಮೂವರು ಹಂಚಿಕೊಂಡು ಗಂಟೆಗಟ್ಟಲೆ ಕೂರುತ್ತಾರೆ, ಯಾರೂ ಎಬ್ಬಿಸುವುದಿಲ್ಲ. ಒಳಗೆ ದೊಡ್ಡ ಉರಿಯ ಮೇಲೆ ಕಪ್ಪು ಬಾಣಲೆ ಎತ್ತಿ ಕುಲುಕುತ್ತಿರುವವನು ನೇಪಾಳದವನೋ, ಡಾರ್ಜಿಲಿಂಗಿನವನೋ, ಅಸ್ಸಾಮಿನವನೋ ಆಗಿರುವುದೇ ಹೆಚ್ಚು. ಗಿರಾಕಿಗಳಿಗೆಲ್ಲ ಅವನು 'ಭಯ್ಯಾ'. ಮೂರು ವರ್ಷ ದಿನ ಬಿಟ್ಟು ದಿನ ಅವನ ಕೈಯಡುಗೆ ತಿಂದವರಿಗೂ ಅವನ ಹೆಸರು ಗೊತ್ತಿರುವುದಿಲ್ಲ.

ಇದು ಅಸಲಿ ಚೈನೀಸ್ ಅಲ್ಲ, ಚೀನಾಕ್ಕೆ ಹೋದರೆ ಮಂಚೂರಿ ಸಿಗುವುದೇ ಇಲ್ಲ ಎಂದು ಮೂಗು ಮುರಿಯುವವರಿದ್ದಾರೆ. ಆ ಮಾತು ನಿಜವಾದರೂ ನನಗೆ ಅದರಲ್ಲಿ ರುಚಿಯಿಲ್ಲ. ಇದು ಭಾರತದ ಚೀನೀಯರು ಭಾರತದ ನಾಲಿಗೆಗಾಗಿ ಕಟ್ಟಿದ ಅಡುಗೆ, ಅಷ್ಟರಮಟ್ಟಿಗೆ ಪೂರ್ತಿ ಅಸಲಿಯೇ. 18ನೇ ಶತಮಾನದ ಕೊನೆಯ ಹೊತ್ತಿಗೆ ಕಲ್ಕತ್ತೆಯ ಹತ್ತಿರ ತೊಂಗ್ ಅಚ್ಯೂ ಎಂಬಾತ ಸಕ್ಕರೆ ಕಾರ್ಖಾನೆ ಹಾಕಿದ. ಆ ಊರಿಗೆ ಇವತ್ತಿಗೂ ಅಚಿಪುರವೆಂದೇ ಹೆಸರು. ಆಮೇಲೆ ಬಂದವರಲ್ಲಿ ಹಕ್ಕಾ ಜನ ಬಹಳ. ಅವರಲ್ಲಿ ಅನೇಕರು ಟಾಂಗ್ರಾದಲ್ಲಿ ಚರ್ಮ ಹದ ಮಾಡುವ ಕೆಲಸ ಹಿಡಿದರು. ಮೇಲುಜಾತಿಯವರು ಮುಟ್ಟದೆ ಬಿಟ್ಟ ಕಸುಬಾದ್ದರಿಂದ ಹೊರಗಿನವರಿಗೆ ಅಲ್ಲಿ ಜಾಗ ಸಿಕ್ಕಿತು. 1996ರಲ್ಲಿ ಸುಪ್ರೀಂ ಕೋರ್ಟು ಮಾಲಿನ್ಯದ ಕಾರಣಕ್ಕೆ ಆ ಕಾರ್ಖಾನೆಗಳನ್ನು ಊರ ಹೊರಗೆ ಸಾಗಿಸಲು ಹೇಳಿದ ಮೇಲೆ ಎಷ್ಟೋ ಕಡೆ ಚರ್ಮದ ಷೆಡ್ಡುಗಳಿದ್ದಲ್ಲೇ ಹೋಟೆಲುಗಳು ಎದ್ದವು. ಇನ್ನು ಮಂಚೂರಿ: ಕಲ್ಕತ್ತೆಯಲ್ಲಿ ಹುಟ್ಟಿ ಮುಂಬಯಿಗೆ ಬಂದ ನೆಲ್ಸನ್ ವಾಂಗ್ 1975ರಲ್ಲಿ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನ ಒಗ್ಗರಣೆಗೆ ಗರಂ ಮಸಾಲೆಯ ಬದಲು ಸೋಯಾ ಸಾಸ್ ಸುರಿದು ಅದನ್ನು ಮಾಡಿದನೆಂಬುದು ಎಲ್ಲರೂ ಹೇಳುವ ಕಥೆ. ಅವನದು ಕೋಳಿ, ಹೂಕೋಸು ಆಮೇಲೆ ಬಂತು.

ಈ ಕಥೆಯ ನಡುವೆ 1962 ಇದೆ. ಆ ವರ್ಷ ಚೀನಾದೊಡನೆ ಯುದ್ಧವಾದಾಗ ಸರ್ಕಾರ ಸುಮಾರು 3000 ಚೀನೀ ಮೂಲದವರನ್ನು ಅಸ್ಸಾಮ್, ಶಿಲಾಂಗ್, ಡಾರ್ಜಿಲಿಂಗ್ ಮೊದಲಾದ ಕಡೆಗಳಿಂದ ಹಿಡಿದು ರೈಲಿಗೆ ತುಂಬಿಸಿ ರಾಜಸ್ಥಾನದ ದೇವಲಿಯ ಶಿಬಿರಕ್ಕೆ ಕಳಿಸಿತು. ಇಲ್ಲೇ ಹುಟ್ಟಿದವರು, ಇಲ್ಲಿಯವರನ್ನೇ ಮದುವೆಯಾದವರು, ಮುದುಕರು, ಮಕ್ಕಳು. ವಿಚಾರಣೆಯಿಲ್ಲ, ಆರೋಪವಿಲ್ಲ. ಕೆಲವರು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಳಗಿದ್ದರು. ಬಿಡುಗಡೆಯಾಗಿ ಹಿಂದಿರುಗಿದ ಎಷ್ಟೋ ಮಂದಿಗೆ ಮನೆ, ಅಂಗಡಿ ಹರಾಜಾಗಿರುವುದು ತಿಳಿಯಿತು. ಆ ಶಿಬಿರದಲ್ಲೇ ಹುಟ್ಟಿದ ಜಾಯ್ ಮಾ, ದಿಲೀಪ್ ಡಿಸೋಜಾ ಅವರೊಡನೆ ಸೇರಿ 'ದಿ ದೇವಲಿವಾಲಾಸ್' ಪುಸ್ತಕ ತಂದದ್ದು 2020ರಲ್ಲಿ. ಅಷ್ಟು ವರ್ಷ ಈ ಸಂಗತಿ ನಮ್ಮ ಬಹುಪಾಲು ಪಠ್ಯಪುಸ್ತಕಗಳ ಹೊರಗೇ ಇತ್ತು.

ನನ್ನನ್ನು ಕಾಡುವವರು ಬಂಧಿಸಿದ ಅಧಿಕಾರಿಗಳಲ್ಲ, ಗಿರಾಕಿಗಳು. ಆ ಊರುಗಳಲ್ಲಿ ಈ ಜನರ ಹೋಟೆಲುಗಳಲ್ಲಿ ಉಂಡವರು, ಅವರ ಅಂಗಡಿಯಲ್ಲಿ ಬೂಟು ಹೊಲಿಸಿಕೊಂಡವರು ಇದ್ದೇ ಇದ್ದರು. ಅವರು ದುಡ್ಡು ಕೊಟ್ಟಿದ್ದರು, ಬಾಕಿ ಉಳಿಸಿರಲಿಲ್ಲ. ಬಾಕಿಯಿಲ್ಲದವರಿಗೆ ಸುಮ್ಮನಿರುವುದು ಸುಲಭ.

ಹಾಗೆಂದು ಬಿಲ್ಲನ್ನೇ ಹಳಿಯುವುದಕ್ಕೆ ನಾನು ತಯಾರಿಲ್ಲ. ಋಣವೆಂಬ ಮಾತಿಗೆ ನಮ್ಮಲ್ಲಿ ಕರಾಳ ಚರಿತ್ರೆಯೂ ಇದೆ. 'ನನ್ನ ಉಪ್ಪು ತಿಂದವನು' ಎಂದು ಗದರಿಸಿಯೇ ಧಣಿಗಳು ತಲೆಮಾರುಗಟ್ಟಲೆ ಜೀತ ಮಾಡಿಸಿಕೊಂಡರು. ಆ ಅನ್ನ ಎಂದೂ ಚುಕ್ತಾ ಆಗದಂತೆ ನೋಡಿಕೊಳ್ಳುವುದೇ ಅವರ ಲೆಕ್ಕವಾಗಿತ್ತು. ಅದಕ್ಕೆ ಹೋಲಿಸಿದರೆ ಕಾಸು ಕೊಟ್ಟು ತಿಂದು ಯಾರ ಹಂಗೂ ಇಲ್ಲದೆ ಎದ್ದು ಹೋಗುವುದು ದೊಡ್ಡ ಬಿಡುಗಡೆ. ಬ್ರಾಹ್ಮಣರಿಗೆ ಪ್ರತ್ಯೇಕ ಕೋಣೆಯಿದ್ದ ಹೋಟೆಲುಗಳು ನಮ್ಮ ನಾಡಿನಲ್ಲೇ ಇದ್ದವು. ಚೈನೀಸ್ ಹೋಟೆಲಿಗೆ ಅಂಥ ಇತಿಹಾಸದ ಭಾರವಿಲ್ಲ. ಅಲ್ಲಿ ಯಾರ ಪಕ್ಕ ಯಾರು ಕೂತರು, ಯಾರ ಕೈ ಮಾಡಿದ್ದು ಎಂದು ಕೇಳುವವರು ಕಡಿಮೆ. ಮನೆಯೊಳಗೆ ಈರುಳ್ಳಿಯನ್ನೂ ಬಿಡದ ಮಡಿವಂತರ ಮಕ್ಕಳು ಮೊದಲು ಮೊಟ್ಟೆ ತಿಂದದ್ದು ಎಷ್ಟೋ ಸಲ ಇಂಥ ಮೇಜಿನಲ್ಲೇ. ಒಬ್ಬಳೇ ಬಂದ ಹುಡುಗಿ ಪುಸ್ತಕ ತೆರೆದಿಟ್ಟುಕೊಂಡು ನೂಡಲ್ಸ್ ತಿನ್ನುವಾಗ ಯಾರೂ ಅವಳ ಊರು, ಕುಲ ಕೇಳುವುದಿಲ್ಲ. ಬಾಣಲೆ ಹಿಡಿದವನಿಗೂ ಇದು ಹಿತವೇ ಇರಬಹುದು: ಪ್ರತಿ ಗಿರಾಕಿಯೂ ಹೆಸರು, ಊರು, ಕಷ್ಟಸುಖ ವಿಚಾರಿಸತೊಡಗಿದರೆ ಅವನ ಪಾಡೇನು?

ಹಾಗಾಗಿ ಋಣವನ್ನು ಎರಡಾಗಿ ಬಿಡಿಸಿ ನೋಡಬೇಕೆಂದು ನನಗೆ ಅನ್ನಿಸುತ್ತದೆ. ಕೃತಜ್ಞತೆ ಒಂದು. ಉಪಕಾರ ಪಡೆದವನು ತೋರಬೇಕಾದ ವಿನಯ ಅದು. ಅದನ್ನು ಬಿಲ್ಲು ತೀರಿಸುತ್ತದೆ, ತೀರಿಸಲಿ. ಇನ್ನೊಂದು ನಮ್ಮ ಗಾದೆಗಳಲ್ಲಿ ಇರುವಂಥದು. ಉಂಡ ಮನೆಯ ಗಳ ಎಣಿಸಬೇಡ ಎನ್ನುತ್ತೇವೆ. ಉಂಡೂ ಹೋದ, ಕೊಂಡೂ ಹೋದ ಎಂದು ಬೈಯುತ್ತೇವೆ. ಉಂಡವನು ಕೈಮುಗಿದು ನಿಲ್ಲಬೇಕೆಂದು ಇವು ಕೇಳುತ್ತಿಲ್ಲ, ಕೇಡು ಬಗೆಯಬೇಡ ಎಂದಷ್ಟೇ ಹೇಳುತ್ತಿವೆ. ಈ ಎರಡನೆಯದನ್ನು ತೀರಿಸುವ ಬಿಲ್ಲಿಲ್ಲ. ಒಬ್ಬರ ಕೈಯಿಂದ ಬಂದದ್ದನ್ನು ನಂಬಿ ಬಾಯಿಗೆ ಹಾಕಿಕೊಂಡಿದ್ದೇವೆ. ಅದರಲ್ಲಿ ವಿಷವಿಲ್ಲ ಎಂಬ ನಂಬಿಕೆಗೆ ಮೆನು ಕಾರ್ಡಿನಲ್ಲಿ ಬೆಲೆ ಬರೆದಿರುವುದಿಲ್ಲ. ಅಷ್ಟು ನಂಬಿಕೆಯನ್ನು ದಿನವೂ ಪಡೆದವರು, ಅವನು ನಂಬಿಕೆಗೆ ಅರ್ಹನೇ ಎಂದು ಊರು ಅನುಮಾನಿಸಿದ ದಿನ ಬಾಯಿ ತೆರೆಯಬೇಕಾಗುತ್ತದೆ.

ಅಂಥ ದಿನಗಳು ಬರುತ್ತಲೇ ಇವೆ. 2012ರ ಆಗಸ್ಟಿನಲ್ಲಿ ಮೊಬೈಲಿನಲ್ಲಿ ಹರಡಿದ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಗುವಾಹಟಿಯ ಗಾಡಿಗೆ ಕಾದರು. ನಮಗೆ ಬಡಿಸುತ್ತಿದ್ದ ಹುಡುಗರು ಅವರಲ್ಲಿದ್ದರು. ಕೊರೊನಾ ಬಂದಾಗ ಅದೇ ಮುಖಗಳನ್ನು ರಸ್ತೆಯಲ್ಲಿ ರೋಗದ ಹೆಸರಿನಿಂದಲೇ ಕರೆದರು. 2020ರ ಜೂನಿನಲ್ಲಿ, ಗಾಲ್ವಾನ್ ಘರ್ಷಣೆಯ ಬೆನ್ನಿಗೆ, ಕೇಂದ್ರದ ಸಚಿವರೊಬ್ಬರು ಚೈನೀಸ್ ತಿಂಡಿ ಮಾರುವ ಹೋಟೆಲುಗಳನ್ನೇ ನಿಷೇಧಿಸಬೇಕೆಂದರು. ಕೋಲಾರದ ಹೂಕೋಸನ್ನು ನೇಪಾಳದ ಹುಡುಗ ಮಂಡ್ಯದ ಮಾಲೀಕನ ಹೋಟೆಲಿನಲ್ಲಿ ಕರಿದರೆ ಅದರಲ್ಲಿ ಯಾವ ಸೈನ್ಯಕ್ಕೆ ಪೆಟ್ಟು ಬೀಳುತ್ತದೋ! ನಕ್ಕು ಬಿಡಬಹುದಿತ್ತು, 1962 ಗೊತ್ತಿಲ್ಲದಿದ್ದರೆ. 2024ರ ಮಾರ್ಚಿನಲ್ಲಿ ನಮ್ಮ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಒಳ್ಳೆಯದೇ ಆಯಿತು. ಎಲ್ಲರೂ ತಟ್ಟೆಯ ಬಣ್ಣದ ಬಗ್ಗೆ ಜೋರಾಗಿ ಮಾತಾಡಿದರು. ಅದನ್ನು ತಂದಿಡುವ ಕೈಗಳ ಬಗ್ಗೆ ಅಷ್ಟು ಜೋರಾಗಿ ಮಾತಾಡಿದ್ದು ನನಗಂತೂ ನೆನಪಿಲ್ಲ.

ದೇವಲಿಯಿಂದ ಬಿಡುಗಡೆಯಾದವರಲ್ಲಿ ಅನೇಕರು ಮುಂದೆ ಕೆನಡಾಕ್ಕೆ ಹೋದರು. ಟೊರೊಂಟೊ ಸುತ್ತಮುತ್ತ 'ಹಕ್ಕಾ' ಎಂದು ಬೋರ್ಡು ಹಾಕಿದ ಹೋಟೆಲುಗಳು ಈಗ ತುಂಬ ಇವೆ. ಚಿಲ್ಲಿ ಚಿಕನ್, ಮಂಚೂರಿ ಎರಡೂ ಸಿಗುತ್ತವೆ. ಊರಿನ ರುಚಿ ನೆನೆದು ಅಲ್ಲಿಗೆ ಹೋಗುವವರು ಬಹುಮಟ್ಟಿಗೆ ನಮ್ಮ ಕಡೆಯಿಂದ ಹೋದವರೇ. ದೇವಲಿಯಲ್ಲಿ ಬಂಧಿಗಳಾಗಿದ್ದವರು ಅಲ್ಲೊಂದು ಸಂಘ ಕಟ್ಟಿಕೊಂಡು ಭಾರತ ಸರ್ಕಾರದಿಂದ ಕ್ಷಮೆಯ ಮಾತನ್ನು ಕೇಳುತ್ತಿದ್ದಾರೆ. ಅದು ಇನ್ನೂ ಬಂದಿಲ್ಲ.