ಒಳಚಿಲಕ ಹಾಕಿದ ಬಾಗಿಲು

ಕನ್ನಡದ ಪತ್ತೇದಾರಿ ಕಾದಂಬರಿ ಎಂದರೆ ಮೊದಲು ನೆನಪಾಗುವುದು ಎನ್. ನರಸಿಂಹಯ್ಯನವರು. ಓದಿದ್ದು ನಾಲ್ಕನೇ ತರಗತಿ, ಬರೆದದ್ದು 500ಕ್ಕೂ ಹೆಚ್ಚು ಕಾದಂಬರಿ. 1952ರ ‘ಪತ್ತೇದಾರ ಪುರುಷೋತ್ತಮ’ದಿಂದ ಹಿಡಿದ ಆ ಗೀಳು ಅಕ್ಷರ ಕೂಡಿಸಿ ಓದುವವರನ್ನೂ ಬಿಡಲಿಲ್ಲ. ಈ ಜಾತಿಯ ಕಥೆಗಳಿಗೆ ನಮಗೆಲ್ಲ ಪರಿಚಿತವಾದ ಒಂದು ಆರಂಭವಿದೆ: ಒಳಚಿಲಕ ಹಾಕಿದ ಮನೆ, ಒಳಗೆ ಗಂಡ ಹೆಂಡತಿ ಇಬ್ಬರ ಶವ, ಮೈಮೇಲೆ ಗಾಯವಿಲ್ಲ. ಇನ್ಸ್‌ಪೆಕ್ಟರ್ ಹೊಸ್ತಿಲು ದಾಟುವಷ್ಟರಲ್ಲೇ ನಾವು ಸೋದರಮಾವನನ್ನೋ ವ್ಯಾಪಾರದ ಪಾಲುದಾರನನ್ನೋ ಕೊಲೆಗಾರ ಮಾಡಿಬಿಟ್ಟಿರುತ್ತೇವೆ.

ಕಾದಂಬರಿಯಲ್ಲಿ ಇದರಿಂದ ಯಾರಿಗೂ ನಷ್ಟವಿಲ್ಲ. ಬೀದಿಯಲ್ಲಿ ಹಾಗಲ್ಲ. ಇಂಥದ್ದು ನಡೆದ ಬೆಳಿಗ್ಗೆ ಗೇಟಿನ ಬಳಿ ಸೇರಿದವರ ಮಾತು ಕೇಳಿ: “ಕೈತುಂಬ ಸಾಲ ಇತ್ತಂತೆ ಕಣ್ರೀ.” “ಅತ್ತೆ ಮನೆಯೋರು ಬಂದು ಕೂಗಾಡಿದ್ರಂತೆ.” ಈ ‘ಅಂತೆ’ಗಳಿಗೆ ಪೊಲೀಸರ ಕಾಗದದಲ್ಲಿ ಜಾಗವಿಲ್ಲ. ಠಾಣೆಯಲ್ಲಿ ಮೊದಲು ಬರೆದುಕೊಳ್ಳುವುದು ‘ಅಸಹಜ ಸಾವು’ ಎಂದಷ್ಟೇ. ಅವರ ಬಾಯಲ್ಲಿ ಅದು ಯುಡಿಆರ್. ಹಿಂದಿನ ಸಿಆರ್‌ಪಿಸಿಯ 174ನೇ ಕಲಂ, 2024ರ ಜುಲೈನಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194. ನೆರೆಹೊರೆಯ ಕನಿಷ್ಠ ಇಬ್ಬರು ಮರ್ಯಾದಸ್ಥರ ಎದುರಿನಲ್ಲಿ ಶವವನ್ನು ನೋಡಿ, ಗಾಯ, ಗುರುತು ಕಂಡಂತೆ ಬರೆಯಬೇಕು. ಮದುವೆಯಾಗಿ ಏಳು ವರ್ಷ ತುಂಬದ ಹೆಣ್ಣುಮಗಳಾದರೆ ಸಾಮಾನ್ಯವಾಗಿ ತಹಶೀಲ್ದಾರರೇ ಬರುತ್ತಾರೆ. ವಿಷದ ಶಂಕೆ ಇದ್ದರೆ ಒಳಾಂಗದ ಮಾದರಿಗಳು ಪ್ರಯೋಗಾಲಯಕ್ಕೆ ಹೋಗುತ್ತವೆ. ವರದಿ ಬರುವ ತನಕ ಖಚಿತ ಕಾರಣ ಬಾಕಿ. ಪೊಲೀಸರನ್ನು ಹೊಗಳುವ ಸಂದರ್ಭ ನಮಗೆ ಅಪರೂಪ. ಆದರೂ ಗೊತ್ತಿಲ್ಲದ್ದನ್ನು ಬಾಕಿ ಇಡುವ ಈ ಸಂಯಮ ನಮ್ಮ ಗೇಟುಗಳಿಗೂ ಬಂದರೆ ಚೆನ್ನ.

ಏಕೆಂದರೆ ಕೆಲವೊಮ್ಮೆ ವರದಿಯಲ್ಲಿ ಯಾರ ಹೆಸರೂ ಇರುವುದಿಲ್ಲ. ಕಿಟಕಿ ಮುಚ್ಚಿದ ಬಚ್ಚಲು, ಒಳಗೇ ಉರಿಯುವ ಗ್ಯಾಸ್ ಗೀಸರ್. ಅದರಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಬಿಗಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಇಂಥ ಸಾವಿನಲ್ಲಿ ಎಷ್ಟೋ ಸಲ ಚರ್ಮ ಕಳೆಗುಂದುವ ಬದಲು ಕೆಂಪೇರಿರುತ್ತದೆ. ಅನುಭವಸ್ಥ ಅಧಿಕಾರಿ ಅದನ್ನು ಕಂಡೊಡನೆ ತಲೆಯೆತ್ತಿ ವೆಂಟಿಲೇಟರ್ ಹುಡುಕುತ್ತಾರೆ. ಚಳಿಗೆಂದು ಕೋಣೆಯೊಳಗೆ ಕೆಂಡ ಇಟ್ಟುಕೊಂಡು ಮಲಗಿದವರದ್ದೂ ಇದೇ ಕಥೆ. ಅಷ್ಟು ಹೊತ್ತಿಗೆ ಬೀದಿ ಆ ದಂಪತಿಯ ಸಂಸಾರವನ್ನು ಜಾಲಾಡಿ ಮುಗಿಸಿರುತ್ತದೆ. ವರದಿ ಬಂದ ಮೇಲೆ ಹೋಗಿ “ನಾವು ಅಂದದ್ದು ಸುಳ್ಳು” ಎಂದು ಹೆತ್ತವರಿಗೆ ಹೇಳುವವರು ಯಾರು?

ಪಂಚರಾಗಿ ಸಹಿ ಹಾಕುವುದಕ್ಕಿಂತ ಮೊದಲೇ ನೆರೆಯವರಿಗೆ ಒಂದು ಕೆಲಸವಿದೆ. ಪಕ್ಕದ ಮನೆಗೆ ಬಾಡಿಗೆಗೆ ಬಂದವರು ಹಾಲುಕ್ಕಿಸುವ ದಿನ ನಮ್ಮನ್ನು ಕರೆಯುತ್ತಾರಲ್ಲ, ಆಗ ಬಚ್ಚಲಿನ ಕಡೆಗೂ ಒಮ್ಮೆ ಕಣ್ಣು ಹಾಯಿಸಬಹುದು. ಗ್ಯಾಸ್ ಗೀಸರ್ ಒಳಗಿದ್ದರೆ ಹೊರಗೋಡೆಗೆ ಹಾಕಿಸಿ, ಬಿಸಿನೀರಿನ ಪೈಪು ಮಾತ್ರ ಒಳಗೆ ಬರಲಿ ಎಂದು ಹೇಳಿಬಿಡಿ. ಗೋಡೆ ಕೊರೆಯಬೇಕಲ್ಲ ಎಂದು ಮಾಲೀಕರು ಗೊಣಗಿದರೆ ಗೊಣಗಲಿ.