ಗೌತಮಿ ಕೇಳಿದ ಪ್ರಶ್ನೆ

ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರಿ ಕಡೆಯ ನಮ್ಮ ಕಾಲೊನಿಗಳಲ್ಲಿ ಬಾಬಾಸಾಹೇಬರ ಫೋಟೋದ ಪಕ್ಕ ಬುದ್ಧನ ಫೋಟೋವೂ ಉಂಟು. ಸಂತೋಷ. ಆದರೆ ಆ ಫೋಟೋದ ಕೆಳಗೆ ಕೂತು ಭಾಷಣ ಮಾಡುವವರು ಯಾರು? ನಾವು, ಗಂಡಸರು. ಹೆಂಗಸರು ಜಗಲಿಯಲ್ಲಿ ತಡ್ಪೆ ಮಡಿಲಿಗಿಟ್ಟು ಬೀಡಿ ಕಟ್ಟುತ್ತಿರುತ್ತಾರೆ. ನಡುವೆ ಎದ್ದು ನಮಗೆ ಚಾ ಕೊಡುತ್ತಾರೆ. ನಾವು ಸಮಾನತೆಯ ಬಗ್ಗೆ ಎರಡು ಗಂಟೆ ಮಾತಾಡಿ ಹೊರಟುಹೋಗುತ್ತೇವೆ. ಲೋಟ ತೊಳೆಯುವವರು ಮತ್ತೆ ಅವರೇ.

ನಾವು ಬುದ್ಧನನ್ನು ಒಪ್ಪಿದ್ದು ಸುಮ್ಮನೆ ಅಲ್ಲ. ಹೆಣ್ಣು ಹುಟ್ಟಿತೆಂದು ಮುಖ ಸಣ್ಣ ಮಾಡಿದ ಕೋಸಲದ ರಾಜನಿಗೆ, ಹೆಣ್ಣು ಗಂಡಿಗಿಂತ ಮೇಲಾಗಬಲ್ಲಳು ಅಂತ ಹೇಳಿದವನು ಆತ. ಅನಾಥಪಿಂಡಿಕನ ಮನೆಯಲ್ಲಿ ನೀರು ಹೊರುತ್ತಿದ್ದ ದಾಸಿ ಪುಣ್ಣಿಕಾ, ಚಳಿಯಲ್ಲಿ ಮುಳುಗಿ ಪಾಪ ತೊಳೆಯುತ್ತಿದ್ದ ಬ್ರಾಹ್ಮಣನನ್ನು ತಡೆದು, ಹಾಗಾದರೆ ಕಪ್ಪೆ ಆಮೆಗಳೂ ಸ್ವರ್ಗಕ್ಕೆ ಹೋಗಬೇಕಲ್ಲ ಎಂದು ಕೇಳಿದಳು. ಅವಳ ಮಾತು ಥೇರಿಗಾಥೆಯಲ್ಲಿ ಉಳಿದಿದೆ. ನೇತ್ರಾವತಿಯ ದಡದಲ್ಲಿ ಬದುಕುವ ನಮಗೆ ಈ ಪ್ರಶ್ನೆ ಬಿಡಿಸಿ ಹೇಳಬೇಕಾಗಿಲ್ಲ. ಮೂಡಬಿದ್ರಿಯ ಸಾವಿರ ಕಂಬದ ಬಸದಿ ಕಟ್ಟಿದ್ದು 1430ರಲ್ಲಿ. ಆ ದಿಗಂಬರ ಮತದಲ್ಲಿ ಹೆಣ್ಣಿನ ದೇಹಕ್ಕೆ ಮೋಕ್ಷವಿಲ್ಲ, ಗಂಡಾಗಿ ಹುಟ್ಟಿಬರಬೇಕು. ಹೆಣ್ಣು ಅರಹಂತಳಾಗಬಲ್ಲಳೇ ಅಂತ ಆನಂದ ಕೇಳಿದಾಗ ಬುದ್ಧ ಹೌದು ಎಂದ.

ಆದರೆ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಬುದ್ಧನನ್ನು ಸಾಕಿದ ಚಿಕ್ಕಮ್ಮ ಮಹಾಪ್ರಜಾಪತಿ ಗೌತಮಿ ಸಂಘಕ್ಕೆ ಸೇರಿಸಿಕೋ ಅಂತ ಕೇಳಿದಾಗ ಅವನು ಮೊದಲು ಒಪ್ಪಲಿಲ್ಲ. ಒಪ್ಪಿದಾಗ ಎಂಟು ಕಟ್ಟಳೆ ಹಾಕಿದ ಎಂದು ವಿನಯಪಿಟಕ ಹೇಳುತ್ತದೆ. ನೂರು ವರ್ಷದ ಭಿಕ್ಷುಣಿಯೂ ಇವತ್ತು ದೀಕ್ಷೆ ಪಡೆದ ಭಿಕ್ಷುವಿಗೆ ಎದ್ದು ಕೈಮುಗಿಯಬೇಕು ಅನ್ನುವುದು ಮೊದಲ ಕಟ್ಟಳೆ. ಗೌತಮಿ ಒಪ್ಪಿದಳು. ಆಮೇಲೆ ಮತ್ತೆ ಕೇಳಿಸಿದಳು: ಗಂಡು ಹೆಣ್ಣು ನೋಡದೆ, ಹಿರಿತನ ನೋಡಿ ವಂದಿಸಬಾರದೇ? ಆಗಲಿಲ್ಲ.

ಮುಕ್ತಿ ಉಂಟು, ಮರ್ಯಾದೆ ಇಲ್ಲ. ಇದು ನಮಗೆ ಗೊತ್ತಿಲ್ಲದ ನ್ಯಾಯವೇ? ದೇವರ ಎದುರು ಎಲ್ಲರೂ ಒಂದೇ, ನೀವು ಅಂಗಳದಲ್ಲಿ ನಿಲ್ಲಿ ಅಂತ ನಮಗೆ ಎಷ್ಟು ತಲೆಮಾರು ಹೇಳಲಿಲ್ಲ! ನಮಗೆ ಅನ್ಯಾಯವಾದದ್ದು ಗೌತಮಿಗೆ ಹೇಗೆ ನ್ಯಾಯವಾದೀತು?

ಹೆಂಗಸರ ಬಗ್ಗೆ ಬುದ್ಧನ ಬಾಯಿಗೆ ಹಾಕಿದ ಕಟುಮಾತುಗಳು ನಂತರದ ಭಿಕ್ಷುಗಳ ಸೇರಿಕೆ ಎಂದು ಬಾಬಾಸಾಹೇಬರು 1951ರ ಲೇಖನದಲ್ಲಿ ವಾದಿಸಿದರು. ಇರಬಹುದು. ಆದರೆ ಎಂಟು ಕಟ್ಟಳೆಯನ್ನು ಯಾರೇ ಬರೆದಿರಲಿ, ನಾವು ಅದನ್ನು ಬಿಡಬೇಕು. ಗುರು ಹೇಳಿದ ಅಂತ ಮಾತ್ರಕ್ಕೆ ಒಪ್ಪಬೇಡಿ ಅಂತ ಕಾಲಾಮರಿಗೆ ಹೇಳಿದವನು ಬುದ್ಧನೇ ತಾನೆ? ಅವನನ್ನು ಪ್ರಶ್ನಿಸುವುದು ಅವನಿಗೆ ದ್ರೋಹವಲ್ಲ.

ನಮ್ಮಲ್ಲಿ ಅಳಿಯಸಂತಾನ ಉಂಟು, ಹೆಣ್ಣಿಗೆ ಯಾವಾಗಲೂ ಸ್ಥಾನ ಉಂಟು ಅಂತ ಕೆಲವರು ಹೇಳ್ತಾರೆ. ಬಳಿ ತಾಯಿಯಿಂದ ಬಂತು, ನಿಜ. ಯಜಮಾನಿಕೆ ಹೆಚ್ಚಾಗಿ ಮಾವನ ಕೈಯಲ್ಲೇ ಇತ್ತಲ್ಲ! ಭೂಮಿಯೇ ಇಲ್ಲದ ನಮ್ಮ ಹೆಂಗಸರಿಗೆ ಆ ಕಟ್ಟಿನಿಂದ ಸಿಕ್ಕಿದ್ದೇನು? ಅವರ ಸ್ಥಿತಿ ಅಷ್ಟಿಷ್ಟು ಬದಲಾದದ್ದು ಬೀಡಿಯ ಕೂಲಿ ಕೈಗೆ ಬಂದಾಗ, ಹುಡುಗಿಯರು ಶಾಲೆಯ ಮೆಟ್ಟಿಲು ಹತ್ತಿದಾಗ. ಅದೂ ಬೆನ್ನು ಬಗ್ಗಿಸಿ, ಹೊಗೆಸೊಪ್ಪಿನ ದೂಳು ನುಂಗಿ. ಬ್ರಾಂಚಿನಲ್ಲಿ ಸರಿಯಿಲ್ಲ ಅಂತ ತೆಗೆದಿಟ್ಟ ಬೀಡಿಗೆ ಕೂಲಿಯೂ ಇಲ್ಲ.

ಜಾತಿ ಉಳಿದದ್ದೇ ಹೆಣ್ಣಿನ ಮದುವೆಯನ್ನು ಕಟ್ಟಿಹಾಕಿದ್ದರಿಂದ ಎಂದು ಬಾಬಾಸಾಹೇಬರು 1916ರಲ್ಲೇ ತೋರಿಸಿದರು. ಹಾಗಿರುವಾಗ ಮೊದಲು ಜಾತಿ ಹೋಗಲಿ, ಹೆಂಗಸರ ವಿಷಯ ಆಮೇಲೆ ಅನ್ನುವ ನಮ್ಮ ಮಾತಿಗೆ ಅರ್ಥವೇ ಇಲ್ಲ. ಬೇರು ಬಿಟ್ಟು ಕೊಂಬೆ ಕಡಿದಂತೆ ಅದು.

ಲೋಕ ನಿಂತಿಲ್ಲ. ಗಂಡಸರಿಗೇ ಮೀಸಲಾಗಿದ್ದ ಗೆಶೆ ಪದವಿಗೆ ಸಮನಾದ ಗೆಶೆಮಾ ಪದವಿಯನ್ನು 2016ರಲ್ಲಿ ನಮ್ಮದೇ ರಾಜ್ಯದ ಮುಂಡಗೋಡಿನಲ್ಲಿ 20 ಮಂದಿ ಟಿಬೆಟನ್ ಸನ್ಯಾಸಿನಿಯರು ಪಡೆದರು. ಅದಕ್ಕೂ ಎಷ್ಟೋ ಮೊದಲು, 1956ರ ಅಕ್ಟೋಬರ್ 14ರಂದು, ನಾಗಪುರದಲ್ಲಿ ಬಾಬಾಸಾಹೇಬರ ಜೊತೆಗೇ ಸವಿತಾ ಅವರೂ ದೀಕ್ಷೆ ಪಡೆದರು. ಅಲ್ಲಿ ಸೇರಿದ ಲಕ್ಷಾಂತರ ಗಂಡಸರು ಹೆಂಗಸರು ಹೇಳಿದ್ದು ಅದೇ 22 ಪ್ರತಿಜ್ಞೆ. ಹೆಣ್ಣಿಗೆ ಅಂತ ಬೇರೆ ಕಟ್ಟಳೆ ಇರಲಿಲ್ಲ. ಗೌತಮಿಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅಲ್ಲಿ.

ಆ ಉತ್ತರ ನಮ್ಮ ಕಾಲೊನಿಗೆ ಇನ್ನೂ ಬಂದಿಲ್ಲ, ಗೆಳೆಯರೇ. ಮುಂದಿನ ಸಭೆಯಲ್ಲಿ ಜಗಲಿಯ ಅಕ್ಕ ಒಳಗೆ ಬಂದು ಕುರ್ಚಿಯಲ್ಲಿ ಕೂರಲಿ, ಮೊದಲು ಮಾತಾಡಲಿ. ಲೋಟ ನಾವು ತೊಳೆಯುವ. ಅಷ್ಟೂ ಆಗದಿದ್ದರೆ ಗೋಡೆಯ ಮೇಲಿನ ಬುದ್ಧ ಬರೀ ಕಾಗದ.